ಟೋಕಿಯೋ ನಗರದ ಈಶಾನ್ಯದ ಅಂಚು: ಹೆಸರಳಿದ ಕೆಲವು ಕೇರಿಗಳ ಚರಿತ್ರೆ

೧

ಮಹಾನಗರಗಳ ಚರಿತ್ರೆಯನ್ನು ಅರಮನೆ, ಕೋಟೆ, ದೇವಾಲಯ, ಪೇಟೆ ಇವುಗಳಿಂದ ಪ್ರಾರಂಭಿಸುವುದು ವಾಡಿಕೆ. ದಾಖಲೆಗಳು ಹೇರಳವಾಗಿ ದೊರೆಯುವುದು ಅಲ್ಲಿಯೇ ಆದುದರಿಂದ ಈ ವಾಡಿಕೆಯನ್ನು ತಪ್ಪೆನ್ನಲಾಗದು. ಆದರೆ ಯಾವ ನಗರವೂ ತನಗೆ ಬೇಕಾದುದನ್ನೆಲ್ಲ ತನ್ನ ಕಣ್ಣೆದುರಿಗೆ ಇರಿಸಿಕೊಳ್ಳುವುದಿಲ್ಲ. ಅಪರಾಧಿಗಳನ್ನು ಕೊಲ್ಲುವ ನೆಲ, ದಿಕ್ಕಿಲ್ಲದವರ ಹೆಣಗಳನ್ನು ಹೂಳುವ ನೆಲ, ತೊಗಲನ್ನು ಹದಮಾಡುವ ಕೇರಿ, ವೇಶ್ಯಾವಾಟಿಕೆ, ದಿನಗೂಲಿಯವರು ರಾತ್ರಿ ಕಳೆಯುವ ಅಗ್ಗದ ತಂಗುಮನೆಗಳು, ಇವೆಲ್ಲ ನಗರಕ್ಕೆ ಅಗತ್ಯವಾದುವು. ಆದರೂ ನಗರದ ಮರ್ಯಾದೆಗೆ ಸಲ್ಲದುವು. ಆದುದರಿಂದ ಇವುಗಳನ್ನು ಅಂಚಿಗೆ ನೂಕುವುದು ಎಲ್ಲ ಕಾಲದ ನಗರಗಳಲ್ಲಿಯೂ ಕಂಡುಬರುವ ಸಂಗತಿ. ‘ಊರು’ ಮತ್ತು ‘ಕೇರಿ’ ಎಂಬ ಎರಡು ಮಾತುಗಳ ನಡುವಣ ಅಂತರವನ್ನು ಬಲ್ಲ ಕನ್ನಡ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾದ ಅಗತ್ಯವಿಲ್ಲ.

ಜಪಾನಿನ ರಾಜಧಾನಿಯಾದ ಟೋಕಿಯೋ ನಗರದಲ್ಲಿ ಇಂತಹ ಅಂಚೊಂದು ಸ್ಪಷ್ಟವಾಗಿ ಉಳಿದುಬಂದಿದೆ. ನಗರಕ್ಕೆ ಬರುವ ಪ್ರವಾಸಿಗಳು ಅಸಾಕುಸದ ಸೆನ್ಸೋ-ಜಿ ದೇವಾಲಯವನ್ನು ನೋಡಿ, ಅದರ ಮುಂದಣ ಅಂಗಡಿಸಾಲಿನಲ್ಲಿ ಸುತ್ತಾಡಿ ಹಿಂದಿರುಗುತ್ತಾರೆ. ಆ ದೇವಾಲಯದ ಹಿಂಬದಿಯಿಂದ ಉತ್ತರಕ್ಕೆ ನಡೆದರೆ ಮಿನಾಮಿ-ಸೆಂಜು ರೈಲು ನಿಲ್ದಾಣದವರೆಗಿನ ದಾರಿ ಎರಡೂವರೆ ಕಿಲೋಮೀಟರುಗಳಿಗಿಂತ ಹೆಚ್ಚಿಲ್ಲ. ಈಗಿನ ತೈತೋ ವಿಭಾಗದ ಉತ್ತರ ತುದಿಯೂ ಅರಕವಾ ವಿಭಾಗದ ದಕ್ಷಿಣ ತುದಿಯೂ ಸೇರುವ ಈ ಸಣ್ಣ ಪ್ರದೇಶದಲ್ಲಿ ಮೇಲೆ ಹೇಳಿದ ಐದು ಬಗೆಯ ನೆಲೆಗಳೂ ಒಂದರ ಮಗ್ಗುಲಲ್ಲಿ ಒಂದಿದ್ದುವು. ಇವುಗಳಲ್ಲಿ ಹೆಚ್ಚಿನವುಗಳ ಹೆಸರು ಇಂದಿನ ಅಧಿಕೃತ ವಿಳಾಸಗಳಲ್ಲಿ ಇಲ್ಲ. ಹೆಸರು ಅಳಿದ ಮೇಲೆ ಚರಿತ್ರೆ ಎಲ್ಲಿ ಉಳಿಯುತ್ತದೆ, ಅದನ್ನು ಮರಳಿ ಹೇಳುವಾಗ ಚರಿತ್ರಕಾರನ ಹೊಣೆಯೇನು ಎಂಬ ಎರಡು ಪ್ರಶ್ನೆಗಳನ್ನು ಮುಂದಿರಿಸಿಕೊಂಡು ನಾವು ಈ ಕೇರಿಗಳನ್ನು ಉತ್ತರದಿಂದ ದಕ್ಷಿಣಕ್ಕೆ ಒಂದೊಂದಾಗಿ ಪರಿಶೀಲಿಸೋಣ.

೨

ತೊಕುಗಾವಾ ಇಯೆಯಾಸು ಎಡೋ ಪಟ್ಟಣವನ್ನು ಪ್ರವೇಶಿಸಿದುದು ೧೫೯೦ರಲ್ಲಿ. ೧೬೦೩ರಲ್ಲಿ ಅವನು ಶೋಗುನ್ ಪದವಿಯನ್ನು ಪಡೆದಮೇಲೆ ಎಡೋ ಆಡಳಿತದ ಕೇಂದ್ರವಾಯಿತು. ಹದಿನೆಂಟನೆಯ ಶತಮಾನದಲ್ಲಿ ಅದರ ಜನಸಂಖ್ಯೆ ಸುಮಾರು ಹತ್ತು ಲಕ್ಷವನ್ನು ಮುಟ್ಟಿತೆಂದು ವಿದ್ವಾಂಸರು ಅಂದಾಜುಮಾಡಿದ್ದಾರೆ. ೧೮೬೮ರಲ್ಲಿ ಅದಕ್ಕೆ ಟೋಕಿಯೋ ಎಂಬ ಹೆಸರಾಯಿತು. ಎಡೋ ನಗರದಿಂದ ಉತ್ತರಕ್ಕೆ ಹೊರಡುವ ಹೆದ್ದಾರಿ ಸುಮಿದಾ ನದಿಯನ್ನು ಸೆಂಜು ಎಂಬಲ್ಲಿ ದಾಟುತ್ತಿದ್ದಿತು. ಆ ನದಿಯ ಮೇಲೆ ಕಟ್ಟಿದ ಮೊದಲನೆಯ ಸೇತುವೆಯೆಂದರೆ ೧೫೯೪ರ ಸೆಂಜು ಸೇತುವೆಯೇ. ಕವಿ ಬಾಶೋ ೧೬೮೯ರಲ್ಲಿ ಉತ್ತರದೇಶದ ತನ್ನ ದೀರ್ಘ ಪ್ರಯಾಣಕ್ಕೆ ಗೆಳೆಯರನ್ನು ಬೀಳ್ಕೊಂಡುದೂ ಈ ಸೆಂಜುವಿನಲ್ಲಿಯೇ.

ಇದೇ ಹೆದ್ದಾರಿಯ ಬದಿಯಲ್ಲಿ, ನಗರವನ್ನು ಪ್ರವೇಶಿಸುವುದಕ್ಕೆ ಸ್ವಲ್ಪ ಮೊದಲು, ಕೊಜುಕಪ್ಪರಾ ಎಂಬ ವಧಾಸ್ಥಾನವಿದ್ದಿತು. ಅದು ೧೬೫೧ರಲ್ಲಿ ಸ್ಥಾಪಿತವಾಯಿತೆಂದು ಹೇಳುತ್ತಾರೆ. ದಕ್ಷಿಣದ ತೋಕಾಯ್ದೋ ಹೆದ್ದಾರಿಯ ಪಕ್ಕದಲ್ಲಿ ಸುಜುಗಮೋರಿ ಎಂಬ ಇನ್ನೊಂದು ವಧಾಸ್ಥಾನ ಅದೇ ಕಾಲದಲ್ಲಿ ಏರ್ಪಟ್ಟಿತು. ಎರಡೂ ನಗರದ ಹೆಬ್ಬಾಗಿಲುಗಳಲ್ಲಿ ಇದ್ದುವು ಎಂಬುದು ಗಮನಿಸತಕ್ಕ ವಿಷಯ. ದೂರದ ಪ್ರಾಂತಗಳಿಂದ ಬರುವವನ ಕಣ್ಣಿಗೆ ಮೊತ್ತಮೊದಲು ಬೀಳಬೇಕಾದುದು ಆಳುವವರ ದಂಡನೆ. ಆದರೆ ಆ ದಂಡನೆಯ ಹೊಲಸು ಮಾತ್ರ ನಗರದೊಳಕ್ಕೆ ಬರಬಾರದು. ಈ ಎರಡು ಉದ್ದೇಶಗಳನ್ನೂ ಅಂಚಿನ ನೆಲ ಒಟ್ಟಿಗೆ ಪೂರೈಸಿತು.

ಹೀಗೆ ಸತ್ತವರಿಗೆ ಸಂಸ್ಕಾರ ನಡೆಸುವುದಕ್ಕಾಗಿ ೧೬೬೭ರಲ್ಲಿ ಇಲ್ಲಿ ಎಕೋ-ಇನ್ ಎಂಬ ದೇವಾಲಯವನ್ನು ಕಟ್ಟಿದರು. ಅದರ ಮೂಲ ದೇವಾಲಯ ನದಿಯ ಆಚೆಯ ದಡದಲ್ಲಿ, ೧೬೫೭ರ ಮಹಾ ಅಗ್ನಿದುರಂತದಲ್ಲಿ ಮಡಿದ ಅನಾಮಧೇಯರಿಗಾಗಿ ಸ್ಥಾಪಿತವಾಗಿದ್ದಿತು. ಸಾಮಾನ್ಯ ಅಪರಾಧಿಗಳ ಜೊತೆಗೆ ರಾಜಕೀಯ ಕಾರಣಗಳಿಗಾಗಿ ತಲೆಯನ್ನು ಕಳೆದುಕೊಂಡವರೂ ಕೊಜುಕಪ್ಪರಾದ ಮಣ್ಣಿಗೆ ಸೇರಿದರು. ೧೮೫೯ರಲ್ಲಿ ವಧೆಗೊಳಗಾದ ಯೋಷಿದಾ ಶೋಯಿನ್ ಅಂತಹವರಲ್ಲಿ ಪ್ರಸಿದ್ಧನು. ಅವನ ಶಿಷ್ಯರು ೧೮೬೩ರಲ್ಲಿ ಅವನ ಅವಶೇಷಗಳನ್ನು ತೆಗೆದುಕೊಂಡುಹೋಗಿ ನಗರದ ಇನ್ನೊಂದು ದಿಕ್ಕಿನಲ್ಲಿ ಹೂಳಿದರು. ಅಲ್ಲಿ ೧೮೮೨ರಲ್ಲಿ ಅವನ ಹೆಸರಿನ ಗುಡಿಯೆದ್ದಿತು. ರಾಜ್ಯ ತನ್ನವನೆಂದು ಒಪ್ಪಿಕೊಂಡವನನ್ನು ಆ ನೆಲದಿಂದ ಎತ್ತಿಕೊಂಡಿತು. ಉಳಿದವರು ಅಲ್ಲಿಯೇ ಉಳಿದರು.

೧೮೯೬ರಲ್ಲಿ ರೈಲುಹಾದಿ ಈ ನೆಲವನ್ನು ಸೀಳಿಕೊಂಡು ಹೋಯಿತು. ೧೭೪೧ರಲ್ಲಿ ಸತ್ತವರ ಶಾಂತಿಗಾಗಿ ನಿಲ್ಲಿಸಿದ್ದ, ‘ತಲೆ ಕಡಿಯುವ ಜಿಜೋ’ ಎಂದು ಜನ ಕರೆಯುವ ಕಲ್ಲಿನ ಬೃಹತ್ ಪ್ರತಿಮೆ ಇಂದು ಹಳಿಗಳ ನಡುವಣ ಕಿರಿದಾದ ಆವರಣದಲ್ಲಿ ಕುಳಿತಿದೆ. ೨೦೧೧ರ ಭೂಕಂಪದಲ್ಲಿ ಅದಕ್ಕೆ ಹಾನಿಯಾಗಿ ಅನಂತರ ಜೀರ್ಣೋದ್ಧಾರವಾಯಿತು. ೨೦೦೫ರಲ್ಲಿ ಪ್ರಾರಂಭವಾದ ತ್ಸುಕುಬಾ ಎಕ್ಸ್‌ಪ್ರೆಸ್ ರೈಲುಮಾರ್ಗಕ್ಕಾಗಿ ನೆಲವನ್ನು ಅಗೆದಾಗ ಮನುಷ್ಯರ ಮೂಳೆಗಳು ಬಹುಸಂಖ್ಯೆಯಲ್ಲಿ ದೊರೆತುವು. ಸಮೀಪದ ಬೀದಿಯೊಂದನ್ನು ಇಂದಿಗೂ ‘ಕೋತ್ಸು ಬೀದಿ’ ಎನ್ನುತ್ತಾರೆ. ಅದು ಕೊಜುಕಪ್ಪರಾ ಎಂಬ ಹೆಸರಿನ ಮೊಟಕು ರೂಪವೆಂದು ಕೆಲವರ ಅಭಿಪ್ರಾಯ. ಜಪಾನೀ ಭಾಷೆಯಲ್ಲಿ ‘ಕೋತ್ಸು’ ಎಂದರೆ ಮೂಳೆಯೆಂಬ ಅರ್ಥವಿರುವುದರಿಂದ ಆ ಅರ್ಥವನ್ನೇ ಹಿಡಿಯುವವರೂ ಉಂಟು.

೩

ಈ ವಧಾಸ್ಥಾನವೇ ಜಪಾನಿನ ಆಧುನಿಕ ವಿದ್ಯೆಯ ಒಂದು ಜನ್ಮಸ್ಥಾನವೂ ಹೌದು. ೧೭೭೧ರ ವಸಂತಕಾಲದಲ್ಲಿ ಸುಗಿತಾ ಗೆಂಪಾಕು, ಮಾಯೆನೋ ರ್ಯೋತಾಕು ಮೊದಲಾದ ವೈದ್ಯರು ವಧೆಗೊಂಡ ಸ್ತ್ರೀಯೊಬ್ಬಳ ಶವವನ್ನು ಕೊಯ್ದು ತೋರಿಸುವುದನ್ನು ನೋಡಲು ಇಲ್ಲಿಗೆ ಬಂದರು. ಅವರ ಕೈಯಲ್ಲಿ ಜರ್ಮನ್ ವೈದ್ಯ ಕುಲ್ಮುಸನ ಅಂಗರಚನಾ ಗ್ರಂಥದ ಡಚ್ ಅನುವಾದವಿದ್ದಿತು. ಚೀನೀ ವೈದ್ಯಗ್ರಂಥಗಳ ವಿವರಣೆಗೂ ಕಣ್ಣೆದುರಿನ ದೇಹಕ್ಕೂ ಹೊಂದಿಕೆಯಿಲ್ಲವೆಂಬುದೂ ಡಚ್ ಪುಸ್ತಕದ ಚಿತ್ರಗಳು ದೇಹದೊಡನೆ ಸರಿಹೊಂದುವುವೆಂಬುದೂ ಅವರಿಗೆ ಅಲ್ಲಿಯೇ ಮನವರಿಕೆಯಾಯಿತು. ಆ ಪುಸ್ತಕವನ್ನು ಅನುವಾದಿಸುವ ನಿಶ್ಚಯ ಮಾಡಿ, ಡಚ್ ಭಾಷೆಯನ್ನು ಹೆಚ್ಚಾಗಿ ಅರಿಯದೆಯೂ ಶ್ರಮಿಸಿ, ೧೭೭೪ರಲ್ಲಿ ‘ಕೈತಾಯ್ ಶಿನ್‌ಶೋ’ ಎಂಬ ಗ್ರಂಥವನ್ನು ಹೊರತಂದರು. ಡಚ್ ವಿದ್ಯೆಯ ಅಧ್ಯಯನವೆಂಬ ಒಂದು ಪರಂಪರೆ ಇದರಿಂದ ಬಲಗೊಂಡಿತು. ಈ ಘಟನೆಯ ಸ್ಮಾರಕ ಎಕೋ-ಇನ್ ದೇವಾಲಯದಲ್ಲಿದೆ; ಯುದ್ಧದಲ್ಲಿ ಹಾಳಾದ ಹಳೆಯ ಸ್ಮಾರಕದ ಬದಲು ೧೯೫೯ರಲ್ಲಿ ಅದನ್ನು ಪುನಃ ನಿರ್ಮಿಸಿದರು.

ಪಠ್ಯಪುಸ್ತಕಗಳು ಇಷ್ಟನ್ನು ಹೇಳಿ ಮುಗಿಸುತ್ತವೆ. ಆದರೆ ಸುಗಿತಾ ಗೆಂಪಾಕು ತನ್ನ ಮುಪ್ಪಿನಲ್ಲಿ, ೧೮೧೫ರಲ್ಲಿ, ಬರೆದ ನೆನಪುಗಳಲ್ಲಿ ಇನ್ನೊಬ್ಬ ಮನುಷ್ಯನ ಪ್ರಸ್ತಾಪವಿದೆ. ವೈದ್ಯರು ಶವಕ್ಕೆ ಕತ್ತಿ ಹಾಕಲಿಲ್ಲ. ಅದು ಅಸ್ಪೃಶ್ಯರೆಂದು ಎಣಿಸಲ್ಪಟ್ಟಿದ್ದ ಪಂಗಡದವರ ಕೆಲಸ. ಅಂದು ಆ ಕೆಲಸಕ್ಕೆ ಗೊತ್ತಾಗಿದ್ದವನು ಕಾಯಿಲೆ ಬಿದ್ದುದರಿಂದ ಅವನ ತಾತ, ತೊಂಬತ್ತು ವರ್ಷದ ಮುದುಕ, ಬಂದನು. ಅವನು ತಾರುಣ್ಯದಿಂದಲೂ ಅನೇಕ ದೇಹಗಳನ್ನು ಕೊಯ್ದಿದ್ದನು. ಹೃದಯ, ಯಕೃತ್ತು, ಪಿತ್ತಕೋಶ ಇವುಗಳನ್ನು ಒಂದೊಂದಾಗಿ ತೋರಿಸಿ, ಬೇರೆ ಕೆಲವು ಭಾಗಗಳಿಗೆ ಹೆಸರು ತಿಳಿಯದೆಂದೂ, ಆದರೆ ತಾನು ಕೊಯ್ದ ಎಲ್ಲ ದೇಹಗಳಲ್ಲಿಯೂ ಅವು ಅದೇ ಸ್ಥಳದಲ್ಲಿ ಇದ್ದುವೆಂದೂ ಅವನು ಹೇಳಿದನು. ಹಿಂದೆಯೂ ವೈದ್ಯರಿಗೆ ಹೀಗೆ ತೋರಿಸಿದ್ದುಂಟು, ಯಾರೂ ಪ್ರಶ್ನೆ ಕೇಳಿರಲಿಲ್ಲ ಎಂಬುದೂ ಅವನ ಮಾತಿನಿಂದ ತಿಳಿಯುತ್ತದೆ. ಗ್ರಂಥ ಅಚ್ಚಾಯಿತು, ವೈದ್ಯರ ಹೆಸರು ಚಿರಸ್ಥಾಯಿಯಾಯಿತು. ಗೆಂಪಾಕು ಮೊಮ್ಮಗನ ಹೆಸರನ್ನು ಬರೆದಿಟ್ಟಿದ್ದಾನೆ; ಮುದುಕನ ಹೆಸರನ್ನು ಬರೆದಿಲ್ಲ.

ಆ ಮುದುಕನ ಪಂಗಡದವರಿಗೆ ಎಡೋ ಆಡಳಿತದಲ್ಲಿ ಪ್ರತ್ಯೇಕ ವ್ಯವಸ್ಥೆಯಿದ್ದಿತು. ದಾನ್‌ಜಾಎಮೋನ್ ಎಂಬುದು ಅವರ ಮುಖ್ಯಸ್ಥನ ವಂಶಪಾರಂಪರ್ಯದ ಬಿರುದು. ಕಾಂತೋ ಪ್ರಾಂತಗಳ ಅಸ್ಪೃಶ್ಯರೆಲ್ಲರ ಮೇಲೆ ಅವನಿಗೆ ಅಧಿಕಾರವಿದ್ದಿತು. ಅಸಾಕುಸದ ಉತ್ತರಕ್ಕೆ, ಸುಮಿದಾ ನದಿಯ ಬಳಿ, ಅವನ ಮನೆಯೂ ಕೇರಿಯೂ ಇದ್ದುವು. ಸತ್ತ ದನಕುದುರೆಗಳ ತೊಗಲನ್ನು ಹದಮಾಡುವುದು, ಸೆರೆಮನೆಯ ಹಾಗೂ ವಧಾಸ್ಥಾನದ ಊಳಿಗ ಇವು ಅವರ ಪಾಲಿಗೆ ಬಿದ್ದ ಕರ್ತವ್ಯಗಳು. ೧೮೭೧ರ ಸರ್ಕಾರೀ ಆಜ್ಞೆ ಅಸ್ಪೃಶ್ಯರೆಂಬ ಕಾನೂನಿನ ಭೇದವನ್ನು ತೆಗೆದುಹಾಕಿತು. ಅದರೊಡನೆ ತೊಗಲಿನ ಮೇಲೆ ಅವರಿಗಿದ್ದ ಏಕಸ್ವಾಮ್ಯವೂ ಹೋಯಿತು. ಹದಿಮೂರನೆಯವನೂ ಕೊನೆಯವನೂ ಆದ ದಾನ್‌ಜಾಎಮೋನ್ ತನ್ನ ಜನಕ್ಕೆ ಹೊಸ ಜೀವನೋಪಾಯ ಕಲ್ಪಿಸುವ ಉದ್ದೇಶದಿಂದ ಪಾಶ್ಚಾತ್ಯ ರೀತಿಯ ಬೂಟುಗಳನ್ನು ತಯಾರಿಸುವ ಕಾರ್ಖಾನೆಯನ್ನು ತೆರೆದನು. ಅಸಾಕುಸದ ಸುತ್ತ ಇಂದಿಗೂ ಪಾದರಕ್ಷೆಗಳ ಸಗಟು ಅಂಗಡಿಗಳು ಸಾಲುಸಾಲಾಗಿ ಇರುವುದನ್ನು ಕಾಣುವವರು ಅದರ ಹಿಂದಣ ಈ ಕಥೆಯನ್ನು ನೆನೆಯುವುದು ಅಪರೂಪ.

೪

ಕೊಜುಕಪ್ಪರಾದಿಂದ ನೈಋತ್ಯಕ್ಕೆ ಸ್ವಲ್ಪ ದೂರದಲ್ಲಿ ಯೋಷಿವಾರಾ ಇದ್ದಿತು. ನಗರದ ವೇಶ್ಯಾಗೃಹಗಳನ್ನೆಲ್ಲ ಒಂದೆಡೆ ಕೂಡಿಸುವ ಅನುಮತಿಯನ್ನು ಶೋಗುನನ ಸರ್ಕಾರ ೧೬೧೭ರಲ್ಲಿ ಕೊಟ್ಟಿತು. ಮೊದಲು ಅದು ನಗರದ ಒಳಗೇ ಇದ್ದಿತು. ನಗರ ಬೆಳೆದಂತೆ ಅದು ಕಣ್ಣಿಗೆ ಚುಚ್ಚತೊಡಗಿತು. ೧೬೫೭ರ ಅಗ್ನಿದುರಂತವಾದ ವರ್ಷವೇ ಅದನ್ನು ಅಸಾಕುಸದ ಹಿಂದಣ ಗದ್ದೆಗಳ ನಡುವೆ ಸಾಗಿಸಿದರು. ಸುತ್ತಲೂ ಕಂದಕ, ಪ್ರವೇಶಕ್ಕೆ ಒಂದೇ ಹೆಬ್ಬಾಗಿಲು. ಒಳಗಿದ್ದವರು ಬಹುಮಟ್ಟಿಗೆ ಬಡ ತಂದೆತಾಯಿಗಳು ಮುಂಗಡ ಹಣ ಪಡೆದು ಒಪ್ಪಿಸಿದ ಹೆಣ್ಣುಮಕ್ಕಳು. ಸಾಲ ತೀರುವವರೆಗೂ ಅವರಿಗೆ ಆ ಬಾಗಿಲನ್ನು ದಾಟುವ ಸ್ವಾತಂತ್ರ್ಯವಿರಲಿಲ್ಲ.

ಎಡೋ ಕಾಲದ ಕಲೆ ಮತ್ತು ಸಾಹಿತ್ಯಗಳ ಇತಿಹಾಸದಲ್ಲಿ ಯೋಷಿವಾರಾ ಹೆಸರು ಮೆರೆಯುತ್ತದೆ. ಉತಮಾರೋವಿನ ವರ್ಣಚಿತ್ರಗಳನ್ನು ಪ್ರಕಟಿಸಿದ ತ್ಸುತಾಯಾ ಜೂಜಾಬುರೋ (೧೭೫೦–೧೭೯೭) ಹುಟ್ಟಿದುದು ಅಲ್ಲಿಯೇ. ಅದರ ಹೆಬ್ಬಾಗಿಲ ಮುಂದೆ ಪುಸ್ತಕದ ಅಂಗಡಿಯಿಟ್ಟು ಅವನು ಉದ್ಯಮವನ್ನು ಪ್ರಾರಂಭಿಸಿದನು. ಚಿತ್ರದಲ್ಲಿ ಸಿಂಗರಿಸಿಕೊಂಡು ನಿಂತ ಹೆಣ್ಣುಗಳ ಹೆಸರು ಆ ಕಾಲದ ಕೈಪಿಡಿಗಳಲ್ಲಿ ಅಚ್ಚಾಗಿದೆ. ಆದರೆ ಅದೇ ಹೆಣ್ಣುಗಳ ಕೊನೆಯನ್ನು ತಿಳಿಯಬೇಕಾದರೆ ಮಿನಾಮಿ-ಸೆಂಜುವಿನ ಜೋಕನ್-ಜಿ ಎಂಬ ಸಣ್ಣ ದೇವಾಲಯಕ್ಕೆ ಹೋಗಬೇಕು. ೧೬೫೫ರಲ್ಲಿ ಸ್ಥಾಪಿತವಾದ ಈ ದೇವಾಲಯಕ್ಕೆ ಜನ ‘ಎಸೆದುಹೋಗುವ ಗುಡಿ’ ಎಂಬ ಅಡ್ಡಹೆಸರಿಟ್ಟರು. ೧೮೫೫ರ ಭೂಕಂಪದಲ್ಲಿ ಸತ್ತ ಯೋಷಿವಾರಾದ ಅನೇಕ ಹೆಣ್ಣುಗಳನ್ನು ಇಲ್ಲಿಗೆ ತಂದು ಹೂಳಿದುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಇಲ್ಲಿ ಸಮಾಧಿಯಾದವರ ಸಂಖ್ಯೆ ಸುಮಾರು ೨೫,೦೦೦ ಎಂಬುದು ರೂಢಿಯಲ್ಲಿರುವ ಅಂದಾಜು. ಲೇಖಕ ನಾಗಾಯ್ ಕಾಫೂ ಈ ಗುಡಿಗೆ ಮತ್ತೆ ಮತ್ತೆ ಬರುತ್ತಿದ್ದನು. ತನ್ನ ಸಮಾಧಿ ಈ ಹೆಣ್ಣುಗಳ ನಡುವೆಯೇ ಆಗಬೇಕೆಂಬ ಆಸೆ ಅವನಿಗಿದ್ದಿತು. ೧೯೫೯ರಲ್ಲಿ ತೀರಿಕೊಂಡ ಅವನ ಸಮಾಧಿ ಬೇರೆಡೆ ಇದ್ದರೂ, ೧೯೬೩ರಲ್ಲಿ ಅವನ ಸ್ಮಾರಕಶಿಲೆಯೊಂದನ್ನು ಇಲ್ಲಿ ನಿಲ್ಲಿಸಿದರು.

ಯೋಷಿವಾರಾದ ಒಳಗನ್ನು ಬರೆದವರು ಬಹಳ ಮಂದಿ. ಅದರ ಮಗ್ಗುಲ ಬೀದಿಯನ್ನು ಬರೆದವಳು ಹಿಗುಚಿ ಇಚಿಯೋ (೧೮೭೨–೧೮೯೬). ತಂದೆಯನ್ನು ಕಳೆದುಕೊಂಡು ಬಡತನಕ್ಕೆ ಸಿಕ್ಕಿದ ಈಕೆ ೧೮೯೩ರಲ್ಲಿ ತಾಯಿ ಮತ್ತು ತಂಗಿಯೊಡನೆ ಯೋಷಿವಾರಾದ ಹಿಂಬದಿಯ ರ್ಯೂಸೆಂಜಿ ಬೀದಿಗೆ ಬಂದು ಸಾಬೂನು, ಕಡ್ಡಿಪೆಟ್ಟಿಗೆ, ಮಕ್ಕಳ ಮಿಠಾಯಿ ಮಾರುವ ಪುಟ್ಟ ಅಂಗಡಿಯಿಟ್ಟಳು. ವ್ಯಾಪಾರ ಒಂದು ವರ್ಷವೂ ನಡೆಯಲಿಲ್ಲ. ಆದರೆ ಅಂಗಡಿಗೆ ಬರುತ್ತಿದ್ದ ಮಕ್ಕಳನ್ನು ಆಕೆ ಕಂಡಿದ್ದಳು. ಅಕ್ಕನಂತೆಯೇ ತಾನೂ ಆ ಕಂದಕದ ಒಳಕ್ಕೆ ಹೋಗಬೇಕಾದ ಹುಡುಗಿಯೊಬ್ಬಳ ಬಾಲ್ಯದ ಕೊನೆಯ ದಿನಗಳನ್ನು ಚಿತ್ರಿಸಿದ ‘ತಾಕೆಕುರಾಬೆ’ ೧೮೯೫–೯೬ರಲ್ಲಿ ಪ್ರಕಟವಾಯಿತು. ಅದೇ ೧೮೯೬ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ಆಕೆ ತೀರಿಕೊಂಡಳು. ಆಕೆಯ ಸ್ಮಾರಕಭವನ ೧೯೬೧ರಲ್ಲಿ ಅದೇ ಕೇರಿಯಲ್ಲಿ ಸ್ಥಳೀಯರ ಪ್ರಯತ್ನದಿಂದ ಏರ್ಪಟ್ಟಿತು. ೨೦೦೪ರಲ್ಲಿ ಹೊರಟ ಐದು ಸಾವಿರ ಯೆನ್ ನೋಟಿನ ಮೇಲೆ ಆಕೆಯ ಮುಖ ಬಂದಿತು. ಜೀವಮಾನವೆಲ್ಲ ಸಾಲದಲ್ಲಿ ಕಳೆದವಳ ಚಿತ್ರ ಹಣದ ಮೇಲೆ ಬಂದುದನ್ನು ಜಪಾನೀಯರೇ ವಿಷಾದದ ನಗೆಯಿಂದ ನೆನೆಯುತ್ತಾರೆ.

೧೯೨೩ರ ಮಹಾಭೂಕಂಪದ ಬೆಂಕಿಯಲ್ಲಿ ಯೋಷಿವಾರಾದ ನೂರಾರು ಹೆಣ್ಣುಗಳು ಪಕ್ಕದ ಕೊಳಕ್ಕೆ ಇಳಿದು ಪ್ರಾಣಬಿಟ್ಟರು. ವೇಶ್ಯಾವೃತ್ತಿಯನ್ನು ನಿಷೇಧಿಸುವ ಶಾಸನ ೧೯೫೬ರಲ್ಲಿ ಅಂಗೀಕೃತವಾಗಿ ೧೯೫೮ರಲ್ಲಿ ಪೂರ್ಣವಾಗಿ ಜಾರಿಗೆ ಬಂದಾಗ ಯೋಷಿವಾರಾದ ಮೂರು ಶತಮಾನಗಳಿಗೂ ಮಿಕ್ಕ ಅಧಿಕೃತ ಇತಿಹಾಸ ಮುಗಿಯಿತು. ಅನಧಿಕೃತ ಇತಿಹಾಸ ಅಷ್ಟು ಸುಲಭವಾಗಿ ಮುಗಿಯಲಿಲ್ಲ.

೫

ಮಿನಾಮಿ-ಸೆಂಜು ನಿಲ್ದಾಣದಿಂದ ದಕ್ಷಿಣಕ್ಕೆ ಬಂದರೆ ನಮಿದಬಾಷಿ, ಎಂದರೆ ‘ಕಣ್ಣೀರಿನ ಸೇತುವೆ’, ಎಂಬ ನಾಲ್ಕುದಾರಿ ಸಿಕ್ಕುತ್ತದೆ. ವಧಾಸ್ಥಾನಕ್ಕೆ ಸಾಗುತ್ತಿದ್ದವರು ಬಂಧುಗಳನ್ನು ಕಡೆಯ ಸಲ ಕಾಣುತ್ತಿದ್ದ ಸ್ಥಳವೆಂದು ಈ ಹೆಸರು ಬಂದಿತಂತೆ. ಸೇತುವೆಯೂ ಇಂದು ಇಲ್ಲ, ಅದರ ಕೆಳಗೆ ಹರಿಯುತ್ತಿದ್ದ ಕಾಲುವೆಯೂ ಇಲ್ಲ. ಇಲ್ಲಿಂದ ಮುಂದಿನ ಪ್ರದೇಶವೇ ಸಾನ್‌ಯಾ.

ಹೆದ್ದಾರಿಯ ಬದಿಯಾದುದರಿಂದ ಇಲ್ಲಿ ಅಗ್ಗದ ತಂಗುಮನೆಗಳು ಬಹುಕಾಲದಿಂದ ಇದ್ದುವು. ೧೯೪೫ರ ಮಾರ್ಚ್ ೧೦ರ ರಾತ್ರಿಯ ವಿಮಾನದಾಳಿಯಲ್ಲಿ ನಗರದ ಪೂರ್ವಭಾಗ ಸುಟ್ಟು ಸುಮಾರು ಒಂದು ಲಕ್ಷ ಜನ ಮಡಿದರು. ಯುದ್ಧಾನಂತರ ಮನೆಮಠ ಕಳೆದುಕೊಂಡವರಿಗೆ ಇಲ್ಲಿ ಡೇರೆಗಳನ್ನು ಹಾಕಿಕೊಟ್ಟರು. ಆ ಡೇರೆಗಳು ಕ್ರಮೇಣ ತಂಗುಮನೆಗಳಾದುವು. ತಂಗುಮನೆಗೆ ಜಪಾನೀ ಭಾಷೆಯಲ್ಲಿ ‘ಯಾದೋ’ ಎಂದು ಹೆಸರು. ಅದರ ಅಕ್ಷರಗಳನ್ನು ತಿರುವುಮುರುವು ಮಾಡಿ ‘ದೋಯಾ’ ಎಂದು ಕರೆದವರು ಅಲ್ಲಿಯ ಕೂಲಿಗಾರರು. ಮನುಷ್ಯ ವಾಸಕ್ಕೆ ಯೋಗ್ಯವಾದುದನ್ನು ಯಾದೋ ಎನ್ನಬಹುದು, ಇದು ಅದರ ತಲೆಕೆಳಗು ಎಂಬ ಧ್ವನಿ ಅದರಲ್ಲಿದೆ.

೧೯೬೦ರ ದಶಕದ ಆರಂಭದ ಹೊತ್ತಿಗೆ ಇನ್ನೂರಕ್ಕೂ ಮಿಕ್ಕ ಇಂತಹ ದೋಯಾಗಳಲ್ಲಿ ಸುಮಾರು ೧೫,೦೦೦ ಜನರಿದ್ದರು. ಬೆಳಗಿನ ಜಾವದಲ್ಲಿ ಅವರು ಬೀದಿಗೆ ಬಂದು ನಿಲ್ಲುವರು. ಕೂಲಿ ಮಧ್ಯವರ್ತಿಗಳು ಬೇಕಾದವರನ್ನು ಆರಿಸಿ ವಾಹನಗಳಲ್ಲಿ ಒಯ್ಯುವರು. ೧೯೬೪ರ ಒಲಿಂಪಿಕ್ ಕ್ರೀಡೆಗಳಿಗಾಗಿ ನಗರದಲ್ಲಿ ಎದ್ದ ಹೆದ್ದಾರಿಗಳನ್ನೂ ಕಟ್ಟಡಗಳನ್ನೂ ಕಟ್ಟಿದ ಕೈಗಳಲ್ಲಿ ಇವರ ಕೈಗಳೂ ಸೇರಿದ್ದುವು. ಗಾಯಗೊಂಡವನಿಗೂ ಮುದುಕನಾದವನಿಗೂ ಆ ವ್ಯವಸ್ಥೆಯಲ್ಲಿ ಸ್ಥಾನವಿರಲಿಲ್ಲ. ಆ ದಶಕದಲ್ಲಿ ಸಾನ್‌ಯಾದಲ್ಲಿ ದಂಗೆಗಳು ಪದೇ ಪದೇ ಎದ್ದುವು. ೧೯೬೮ರಿಂದ ೧೯೭೩ರವರೆಗೆ ಪ್ರಕಟವಾದ ‘ಅಶಿತಾ ನೋ ಜೋ’ ಎಂಬ ಜನಪ್ರಿಯ ಚಿತ್ರಕಥೆಯ ನಾಯಕ ಮುಷ್ಟಿಯುದ್ಧ ಕಲಿಯುವ ತಾಣ ಈ ನಮಿದಬಾಷಿಯ ಬಳಿಯೇ ಇದೆ. ೧೯೯೦ರ ದಶಕದಲ್ಲಿ ದೇಶದ ಆರ್ಥಿಕ ಭರಾಟೆ ಕುಸಿದಮೇಲೆ ಬೆಳಗಿನ ಕೂಲಿಪೇಟೆ ಸೊರಗಿತು. ದುಡಿದವರು ಅದೇ ಇಕ್ಕಟ್ಟಾದ ಕೋಣೆಗಳಲ್ಲಿ ಮುದುಕರಾಗಿ ಸರ್ಕಾರದ ನೆರವಿನಿಂದ ದಿನ ಕಳೆಯತೊಡಗಿದರು. ಕೆಲವು ದೋಯಾಗಳು ವಿದೇಶೀ ಯಾತ್ರಿಕರ ಅಗ್ಗದ ವಸತಿಗೃಹಗಳಾಗಿ ಮಾರ್ಪಟ್ಟುವು.

೬

೧೯೬೨ರಲ್ಲಿ ಜಪಾನ್ ಸರ್ಕಾರ ವಿಳಾಸಗಳನ್ನು ಕ್ರಮಪಡಿಸುವ ಶಾಸನವೊಂದನ್ನು ತಂದಿತು. ಜಮೀನಿನ ಹಳೆಯ ಸಂಖ್ಯೆಗಳು ಹಂಚಿಹರಿದು ಗೊಂದಲವಾಗಿದ್ದುದರಿಂದ ಅದು ಅಗತ್ಯವೂ ಆಗಿದ್ದಿತು. ಆದರೆ ಸಂಖ್ಯೆಗಳನ್ನು ಸರಿಪಡಿಸುವ ಕಾರ್ಯದಲ್ಲಿ ಹಳೆಯ ಹೆಸರುಗಳು ಎಷ್ಟೋ ಹೋದುವು. ೧೯೬೬ರಲ್ಲಿ ಸಾನ್‌ಯಾ ಎಂಬ ಹೆಸರು ಅಳಿದು ಆ ನೆಲ ಕಿಯೋಕವಾ, ನಿಹೋನ್-ಜುತ್ಸುಮಿ ಮೊದಲಾದ ಹೆಸರುಗಳ ನಡುವೆ ಹಂಚಿಹೋಯಿತು. ಅದೇ ವರ್ಷ ಯೋಷಿವಾರಾ ಸೆಂಜೋಕು ಎಂಬ ನೆರೆಯ ಹೆಸರಿನಲ್ಲಿ ಲೀನವಾಯಿತು. ಬೇಡವಾದುದನ್ನು ಮೊದಲು ಅಂಚಿಗೆ ನೂಕಿದ ನಗರ ಕಡೆಗೆ ಭೂಪಟದಿಂದಲೂ ಅದನ್ನು ತೆಗೆದುಹಾಕಿತೆಂದು ಹೇಳಿ ಈ ಲೇಖನವನ್ನು ಮುಗಿಸುವುದು ಸುಲಭ.

ಆದರೆ ಇದು ಅರ್ಧ ಸತ್ಯ ಮಾತ್ರವೆಂದು ನಮ್ಮ ಅಭಿಪ್ರಾಯ. ಹೆಸರು ಅಳಿದುದರಿಂದ ನೆಮ್ಮದಿ ಪಡೆದವರೂ ಉಂಟು. ವಿಳಾಸ ಹೇಳಿದ ಕೂಡಲೇ ಕೇಳುವವರ ಮುಖ ಬದಲಾಗುವ ಕೇರಿಯಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಹಳೆಯ ಹೆಸರು ಪರಂಪರೆಯಲ್ಲ, ಹೊರೆ. ಇದು ಊಹೆಯ ಮಾತಲ್ಲ. ೧೯೭೫ರಲ್ಲಿ ಜಪಾನಿನಲ್ಲಿ ಒಂದು ಹಗರಣ ಬೆಳಕಿಗೆ ಬಂದಿತು: ಹಿಂದೆ ಅಸ್ಪೃಶ್ಯರೆನಿಸಿದ್ದವರ ಕೇರಿಗಳ ಹೆಸರುಗಳನ್ನು ಪಟ್ಟಿಮಾಡಿ ಗುಟ್ಟಾಗಿ ಮಾರುತ್ತಿದ್ದರು, ಕೆಲಸ ಕೇಳಿ ಬಂದವರ ಹುಟ್ಟನ್ನು ಪತ್ತೆಹಚ್ಚಿ ದೂರವಿಡಲು ಉದ್ಯಮಸಂಸ್ಥೆಗಳು ಅವನ್ನು ಕೊಂಡಿದ್ದುವು. ೧೮೭೧ರ ಆಜ್ಞೆಯಾಗಿ ಒಂದು ಶತಮಾನ ಕಳೆದಮೇಲೂ ಸ್ಥಳನಾಮ ಆಯುಧವಾಗಿ ಉಳಿದಿದ್ದಿತು. ಸ್ಥಳನಾಮಗಳ ಅಧ್ಯಯನವನ್ನು ನಿರುಪದ್ರವಿಯಾದ ಪಾಂಡಿತ್ಯವೆಂದು ಭಾವಿಸುವ ನಮ್ಮಂತಹವರಿಗೆ ಇದು ಎಚ್ಚರಿಕೆಯ ಪಾಠ.

ಹಾಗಾದರೆ ಚರಿತ್ರಕಾರನು ಮೌನವಾಗಿರಬೇಕೇ? ಹಾಗೆಂದು ನಾವು ಹೇಳುವುದಿಲ್ಲ. ಇಂದು ಅಲ್ಲಿ ಬಾಳುತ್ತಿರುವವರ ಮೇಲೆ ಹಳೆಯ ಹೆಸರನ್ನು ಹೊರಿಸುವುದು ಒಂದು ಕೆಲಸ; ಆ ಕೇರಿಗಳಿಂದ ನಗರ ಏನನ್ನು ಪಡೆಯಿತೆಂಬುದನ್ನು ನಗರದ ಚರಿತ್ರೆಯಲ್ಲಿ ಸೇರಿಸುವುದು ಬೇರೆಯೇ ಕೆಲಸ. ಮೊದಲನೆಯದರಲ್ಲಿ ಕಳಂಕ ಕೇರಿಯವರದಾಗುತ್ತದೆ. ಎರಡನೆಯದರಲ್ಲಿ ಋಣ ನಗರದ್ದಾಗುತ್ತದೆ. ಜಪಾನಿನ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಆ ತೊಂಬತ್ತರ ಮುದುಕನಿಗೆ, ವರ್ಣಚಿತ್ರಗಳ ಚರಿತ್ರೆಯಲ್ಲಿ ಜೋಕನ್-ಜಿಯ ಸಮಾಧಿಗಳಿಗೆ, ೧೯೬೪ರ ಒಲಿಂಪಿಕ್ಸಿನ ಚರಿತ್ರೆಯಲ್ಲಿ ದೋಯಾಗಳ ಕೂಲಿಗಾರರಿಗೆ ಸ್ಥಾನ ದೊರೆಯಬೇಕಾದುದು ಈ ಎರಡನೆಯ ಅರ್ಥದಲ್ಲಿ. ತರಗತಿಗಳಲ್ಲಿ ನಗರಚರಿತ್ರೆಯನ್ನು ಬೋಧಿಸುವವರು ಈ ಭೇದವನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಿಕೊಡುವುದು ಲೇಸು.

ಆ ಕೇರಿಯವರು ತಾವೇ ಇದನ್ನು ನಮಗಿಂತ ಮೊದಲು ಅರಿತಿದ್ದರೆಂದು ತೋರುತ್ತದೆ. ಜೋಕನ್-ಜಿ ದೇವಾಲಯದಲ್ಲಿ ಯೋಷಿವಾರಾದ ಹೆಣ್ಣುಗಳ ಸ್ಮಾರಕವಿರುವ ಆವರಣದಲ್ಲಿಯೇ ಸಾನ್‌ಯಾದಲ್ಲಿ ಬಂಧುಗಳಿಲ್ಲದೆ ಸತ್ತ ಕೂಲಿಗಾರರಿಗಾಗಿ ಪುಟ್ಟ ಜಿಜೋ ಪ್ರತಿಮೆಯೊಂದನ್ನು ನಿಲ್ಲಿಸಿದ್ದಾರೆ. ಸೂರ್ಯಕಾಂತಿ ಜಿಜೋ ಎಂಬುದು ಅದರ ಹೆಸರು. ಬಿಸಿಲಿನಲ್ಲಿ ದುಡಿದವರಿಗೆ ಸೂರ್ಯಕಾಂತಿ ಹೂವಿನ ಹೆಸರು ಒಪ್ಪುವಂತಹುದೇ. ಯೋಷಿವಾರಾ, ಸಾನ್‌ಯಾ ಎಂಬ ಎರಡು ಹೆಸರುಗಳೂ ವಿಳಾಸದ ಪಟ್ಟಿಯಲ್ಲಿ ಇಲ್ಲವಾದರೂ ಆ ಎರಡು ಕೇರಿಗಳವರು ಆ ಆವರಣದಲ್ಲಿ ನೆರೆಹೊರೆಯವರಾಗಿ ಉಳಿದಿದ್ದಾರೆ.